ಮೀಸೆ ಇದ್ದ ನಾಯಿಗೆ ಒಂದು ರೇಟು, ಇಲ್ಲದ್ದಕ್ಕೆ ಇನ್ನೊಂದು

ಮುಂಬೈಯ ಮುಲುಂಡ್ ವೆಸ್ಟ್‌ನಲ್ಲಿ ಪಾಂಚ್ ರಸ್ತಾ ಹತ್ತಿರ ಒಂದು ಗಲ್ಲಿಯಲ್ಲಿ ಈ ನಾಯಿ ಗ್ರೂಮಿಂಗ್ ಅಂಗಡಿ ಇದೆ. ಬೋರ್ಡ್ ಇಲ್ಲ. ಶಟರ್ ಮೇಲೆ ಒಂದು ನಾಯಿ ಚಿತ್ರ, ಅದೂ ಕುರಿ ಥರ ಕಾಣುತ್ತದೆ. ನಡೆಸುವವನು ಕುಂದಾಪುರದ ಹುಡುಗ. ಗಣೇಶ ಹಬ್ಬಕ್ಕೆ ಪುಣೆಯಿಂದ ತಂಗಿ ಬಂದಿದ್ದಳು, ಜೊತೆಗೆ ಅವಳ ನಾಯಿ ರಾಣಿ. ನಮ್ಮ ಗುಂಡ ಮತ್ತು ರಾಣಿ ಒಂದೇ ಹೆರಿಗೆಯ ಮರಿಗಳು. ಎರಡನ್ನೂ ಒಟ್ಟಿಗೇ ಕರೆದುಕೊಂಡು ಹೋದೆವು.

ಎರಡೂ ಲ್ಯಾಬ್ರಡೂಡಲ್, ಅಂದರೆ ಲ್ಯಾಬ್ರಡಾರ್ ಮತ್ತು ಗುಂಗುರು ಕೂದಲಿನ ಪೂಡಲ್ ಸೇರಿದ ಮಿಶ್ರ ತಳಿ. ಅಪ್ಪನೂ ಲ್ಯಾಬ್-ಪೂಡಲ್ ಮಿಶ್ರ, ಅಮ್ಮನೂ ಅದೇ. ಮಾರಿದವನು ಹೇಳಿದ್ದು ಒಂದೇ ಮಾತು: 'ಪೂಡಲ್ ರಕ್ತ ಇದೆ, ಒಂದು ಕೂದಲೂ ಉದುರಲ್ಲ.' ನಮ್ಮ ಯಜಮಾನರಿಗೆ ಅಲರ್ಜಿ, ಹಾಗಾಗಿ ನಂಬಿದೆವು. ಗುಂಡನ ಮಟ್ಟಿಗೆ ಮಾತು ಮುಕ್ಕಾಲು ನಿಜ. ರಾಣಿ ಕೂತೆದ್ದ ಸೋಫಾ ಮೇಲೆ ಮಾತ್ರ ಇನ್ನೊಂದು ನಾಯಿಗಾಗುವಷ್ಟು ಕೂದಲು. ತಂಗಿ ಎರಡು ವರ್ಷದಿಂದ ಶಾಂಪೂ ಬದಲಿಸುತ್ತಾ ಇದ್ದಳು.

ಆ ಹುಡುಗ ಶಾಂಪೂ ಬಗ್ಗೆ ಕೇಳಲೇ ಇಲ್ಲ. ಎರಡರ ಗದ್ದ ಹಿಡಿದು ಮುಖ ಎತ್ತಿ ನೋಡಿದ. 'ಅಕ್ಕ, ಇವನಿಗೆ ಮೀಸೆ, ಗಡ್ಡ, ಹುಬ್ಬು ಎಲ್ಲ ಉಂಟು. ಇವಳಿಗೆ ಒಂದೂ ಇಲ್ಲ. ಇವಳದ್ದು ಉದುರುತ್ತದೆ, ಇವನದ್ದು ಸಿಕ್ಕಾಗುತ್ತದೆ. ಎರಡಕ್ಕೂ ಒಂದೇ ಕೆಲಸ ಅಲ್ಲ' ಅಂದ.

ಮನೆಗೆ ಬಂದು ಓದಿದೆ. ಹುಡುಗ ಹೇಳಿದ್ದು ಸರಿ. ಮೀಸೆ-ಗಡ್ಡ ಕೊಡುವುದು ಆರ್‌ಎಸ್‌ಪಿಒ2 ಅನ್ನುವ ಜೀನ್‌ನ ಒಂದು ಬಗೆ. ಅದರ ಒಂದು ಪ್ರತಿ ಸಿಕ್ಕರೂ ಸಾಕು, ಮೀಸೆ ಬರುತ್ತದೆ, ಉದುರುವುದೂ ಕಡಿಮೆ. ಪೂಡಲ್ ಹತ್ತಿರ ಸಾಮಾನ್ಯವಾಗಿ ಎರಡು ಪ್ರತಿ, ಲ್ಯಾಬ್ ಹತ್ತಿರ ಒಂದೂ ಇಲ್ಲ. ಹಾಗಾಗಿ ಮೊದಲ ತಲೆಮಾರಿನ ಮರಿಗಳಿಗೆಲ್ಲ ಒಂದೊಂದು ಸಿಗುತ್ತದೆ. ಅಂಥ ಎರಡು ಮಿಶ್ರ ನಾಯಿಗಳನ್ನು ಮತ್ತೆ ಕೂಡಿಸಿದರೆ? ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಬರಿಗೈ ಸಾಧ್ಯತೆ. ರಾಣಿ ಆ ಬರಿಗೈಯವಳು. ಉದ್ದ ಮತ್ತು ಗುಂಗುರಿಗೆ ಬೇರೆ ಜೀನ್‌ಗಳಿವೆ. ಈ ಮೂರೇ ಸೇರಿ ಹೆಚ್ಚಿನ ತಳಿಗಳ ಕೂದಲಿನ ವ್ಯತ್ಯಾಸವನ್ನು ವಿವರಿಸುತ್ತವೆ ಎಂದು 2009ರ ಸಂಶೋಧನೆ ತೋರಿಸಿತು. ಉದುರುವುದಕ್ಕೆ ಎಂಸಿ5ಆರ್ ಎಂಬ ಇನ್ನೊಂದು ಜೀನ್ ಕೂಡ ಕೈ ಹಾಕುತ್ತದೆ. ಶಾಂಪೂಗೆ ಇಲ್ಲಿ ಏನು ಕೆಲಸ ಅಲ್ವಾ?

ಈಗ ನನ್ನ ಮರ್ಯಾದೆ ಹೋದ ಭಾಗ. ಗುಂಡನಿಗೆ ದಿನಾ ಬ್ರಷ್ ಮಾಡ್ತೀನಿ ಅಂತ ಜಂಬದಿಂದ ಹೇಳಿದೆ. ಹುಡುಗ ಸ್ಟೀಲ್ ಬಾಚಣಿಗೆಯನ್ನು ಕಿವಿ ಹಿಂದೆ ಚರ್ಮದವರೆಗೆ ಇಳಿಸಿದ. ಟಕ್ ಅಂತ ನಿಂತಿತು. ಮೇಲೆ ಹತ್ತಿಯ ಹಾಗೆ ಮೆತ್ತಗೆ, ಅಡಿಯಲ್ಲಿ ಉದ್ದಿನ ವಡೆಯಷ್ಟು ಗಂಟು. ಕಂಕುಳಲ್ಲಿ ಇನ್ನೆರಡು, ಕಾಲರ್ ಅಡಿಯಲ್ಲಿ ಕಂಬಳಿಯ ಹಾಗೆ ಒಂದು ಪಟ್ಟಿ. ಇಂಥ ಕೂದಲೂ ಉದುರುತ್ತದಂತೆ. ನೆಲಕ್ಕೆ ಬೀಳುವ ಬದಲು ಗುಂಗುರಿನಲ್ಲೇ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ನಾನು ಎರಡು ವರ್ಷ ಮೇಲುಮೇಲೆ ನೀವಿದ್ದೆ. ಮಳೆಗಾಲದಲ್ಲಿ ನೆನೆದು ಬಂದಾಗ ಟವೆಲ್‌ನಿಂದ ಚೆನ್ನಾಗಿ ಉಜ್ಜುತ್ತಿದ್ದೆ, ಅದು ಇನ್ನೂ ತಪ್ಪು. ಒತ್ತಿ ನೀರು ತೆಗೆಯಬೇಕು. ಸ್ನಾನಕ್ಕೆ ಮೊದಲೇ ಸಿಕ್ಕು ಬಿಡಿಸಬೇಕು, ನೀರು ಬಿದ್ದರೆ ಗಂಟು ಬಿಗಿಯುತ್ತದೆ. ಮೂರು ಗಂಟುಗಳನ್ನು ಒಂದೊಂದು ಎಳೆಯಾಗಿ ಬಿಡಿಸಿದ. ಕಾಲರ್ ಅಡಿಯದ್ದನ್ನು ಕೇಳಿಯೇ ಬೋಳಿಸಿದ. ಹಿಂದೆ ಹೋಗುತ್ತಿದ್ದ ದೊಡ್ಡ ಅಂಗಡಿಯಲ್ಲಿ ಕೇಳದೆ ಇಡೀ ನಾಯಿಯನ್ನೇ ಬೋಳಿಸಿ ಕಳಿಸಿದ್ದರು.

ಅಲರ್ಜಿ ವಿಷಯ ಬೇರೆ. ಅದು ಬರುವುದು ಜೊಲ್ಲು ಮತ್ತು ಚರ್ಮದ ಹೊಟ್ಟಿನಿಂದ. ಕೂದಲು ಉದುರದ ಗುಂಡನ ಪಕ್ಕದಲ್ಲೂ ಯಜಮಾನರು ಸೀನುತ್ತಾರೆ. 1989ರಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿ ಸಂಸ್ಥೆಯ ವಾಲಿ ಕಾನ್ರನ್ ಎಂಬಾತ, ಗಂಡನಿಗೆ ಅಲರ್ಜಿ ಇದ್ದ ಒಬ್ಬ ಅಂಧ ಮಹಿಳೆಗಾಗಿ ಈ ಮಿಶ್ರಣ ಮಾಡಿದಾಗಲೂ ಮೂರು ಮರಿಗಳಲ್ಲಿ ಒಂದು ಮಾತ್ರ ಆ ಗಂಡನಿಗೆ ಹೊಂದಿತ್ತು. ಮಾರುವವರು ಇದನ್ನು ಯಾಕೆ ಹೇಳ್ತಾರೆ!

ಗುಂಡನಿಗೆ 1,600 ಆಯಿತು, ರಾಣಿಗೆ 700. ರಾಣಿಗೆ ಸ್ನಾನ, ಜೋರು ಗಾಳಿಯ ಡ್ರೈಯರ್, ಸತ್ತ ಕೂದಲು ಎಳೆಯುವ ಕುಂಟೆಯಂಥ ಬಾಚಣಿಗೆ, ಅಷ್ಟೇ. ಕತ್ತರಿ ಮುಟ್ಟಿಸಲಿಲ್ಲ. ಬೇರೆ ಕಡೆ 'ಡೂಡಲ್ ಪ್ಯಾಕೇಜ್' ಅಂತ ಅವಳಿಗೂ ಪೂರ್ತಿ ದುಡ್ಡು ಕಿತ್ತಿದ್ದರು.

ಕೊರತೆಗಳೂ ಇವೆ. ಎಸಿ ಇಲ್ಲ. ಡ್ರೈಯರ್ ಸದ್ದಿಗೆ ಗುಂಡ ಮೇಜಿನ ಮೇಲೇ ಉಚ್ಚೆ ಮಾಡಿಬಿಟ್ಟ. ಒಬ್ಬನೇ ಹುಡುಗ, ಭಾನುವಾರ ಹೋದರೆ ಎರಡು ಗಂಟೆ ಕಾಯಬೇಕು. ಫೋನ್ ಎತ್ತಲ್ಲ, ಮೆಸೇಜ್ ಹಾಕಿ. ಗಲ್ಲಿಗೆ ಕಾರು ಹೋಗಲ್ಲ. ಒದ್ದೆ ನಾಯಿ ಅಂದರೆ ರಿಕ್ಷಾದವರು ಬರಲ್ಲ, ಪೂರ್ತಿ ಒಣಗಿಸಿಯೇ ಹೊರಡಿ.