ಖುಷಿಗೆ ಓದಲು ಯಾವುದು ಸರಿ: ವೇಗದ ಆ್ಯಪ್, ಆಡಿಯೋ ಬುಕ್, ಕಾಗದದ ಪುಸ್ತಕ

ಕಾದಂಬರಿ ಓದುವುದಕ್ಕೆ ದುಡ್ಡು ಹಾಕುವುದಾದರೆ ಕಾಗದದ ಪುಸ್ತಕಕ್ಕೇ ಹಾಕಿ. ಪೂರ್ತಿ ಬಿಡಿಸಿದರೂ ಹಾಳೆ ಕಳಚಿಕೊಳ್ಳದ ಹೊಲಿಗೆ ಬೈಂಡಿಂಗ್ ಇದ್ದರೆ ಇನ್ನೂ ಒಳ್ಳೆಯದು. ವರ್ಷದ ಚಂದಾ ಕಟ್ಟಿದ ವೇಗದ ಓದಿನ ಆ್ಯಪ್, ಆಡಿಯೋ ಬುಕ್, ಇ-ರೀಡರ್ ಎಲ್ಲವನ್ನೂ ಬಳಸಿ ನೋಡಿದ ಮೇಲೆ ನಾನು ಬಂದು ನಿಂತ ಜಾಗ ಇದು. ಪರೀಕ್ಷೆಗೆ, ಕಚೇರಿ ಕೆಲಸಕ್ಕೆ ಓದುವವರ ಲೆಕ್ಕ ಬೇರೆ. ಇಲ್ಲಿ ಹೇಳುತ್ತಿರುವುದು ರಾತ್ರಿ ಊಟ ಮುಗಿಸಿ, ಯಾರ ಬಲವಂತವೂ ಇಲ್ಲದೆ, ಬರೀ ಖುಷಿಗೆ ಪುಸ್ತಕ ಹಿಡಿಯುವವರ ವಿಷಯ.

ಒಂದೇ ಪುಸ್ತಕ ಎಲ್ಲ ರೂಪದಲ್ಲೂ ಸಿಗಲಿಲ್ಲ. ಆ್ಯಪ್‌ಗೆ ಹಕ್ಕುಸ್ವಾಮ್ಯ ತೀರಿದ ಹಳೆಯ ಕತೆಗಳನ್ನು ಹಾಕಿಕೊಂಡೆ. ಆಡಿಯೋದಲ್ಲಿ ಒಂದು ದೊಡ್ಡ ಸಾಮಾಜಿಕ ಕಾದಂಬರಿ ಕೇಳಿದೆ. ಕಾಗದದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತೆ ಕೈಗೆತ್ತಿಕೊಂಡೆ.

ಮೊದಲು ಆ್ಯಪ್. ಪರದೆಯ ನಡುವೆ ಒಂದು ಪದ ಬರುತ್ತದೆ, ಹೋಗುತ್ತದೆ, ಮುಂದಿನದು ಬರುತ್ತದೆ. ಪದದ ಒಂದು ಅಕ್ಷರಕ್ಕೆ ಕೆಂಪು ಬಣ್ಣ. ನೋಟ ಅಲ್ಲೇ ನೆಟ್ಟಿರಬೇಕು. ನಿಮಿಷಕ್ಕೆ ಎಷ್ಟು ಪದ ಬೇಕೆಂದು ನಾವೇ ಹೇಳಬಹುದು. 2014ರಲ್ಲಿ ಸ್ಪ್ರಿಟ್ಜ್ ಎಂಬ ತಂತ್ರಾಂಶ ಈ ಬಗೆಯನ್ನು ಜನಪ್ರಿಯಗೊಳಿಸಿತು. ವೇಗದ ಓದನ್ನು ಕಲಿಸಿಕೊಡುತ್ತೇವೆನ್ನುವ ವ್ಯಾಪಾರ ಅದಕ್ಕಿಂತ ಬಹಳ ಹಳೆಯದು. ಅಮೆರಿಕದ ಎವೆಲಿನ್ ವುಡ್ 1959ರಲ್ಲೇ ಅದರ ತರಗತಿ ತೆರೆದಿದ್ದರು. ಸಾಲಿನುದ್ದಕ್ಕೂ ಕಣ್ಣು ಓಡಾಡುವುದರಲ್ಲಿ ಸಮಯ ಹಾಳಾಗುತ್ತದೆ, ಓಡಾಟ ನಿಲ್ಲಿಸಿದರೆ ವೇಗ ತಾನೇ ಹೆಚ್ಚುತ್ತದೆ ಎಂಬುದು ಈ ಆ್ಯಪ್‌ಗಳ ಹಿಂದಿನ ವಾದ.

ಕನ್ನಡ ಹಾಕಿದ ಕೂಡಲೇ ತೊಂದರೆ ಶುರುವಾಯಿತು. ಕೆಂಪು ಬಣ್ಣ ಹಚ್ಚುವ ಭರದಲ್ಲಿ ಆ್ಯಪ್ ಪದವನ್ನು ಒತ್ತಕ್ಷರದ ನಡುವೆಯೇ ಸೀಳುತ್ತದೆ. ‘ರಾಷ್ಟ್ರ’ದಲ್ಲಿ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ‘ಸ್ತ್ರೀ’ ಮೂರು ತುಂಡು. ಇಂಗ್ಲಿಷಿನಲ್ಲಿ ಯಾವ ಅಕ್ಷರಕ್ಕೆ ಬಣ್ಣ ಹಚ್ಚಿದರೂ ಪಕ್ಕದ ಅಕ್ಷರಕ್ಕೆ ಏನೂ ಆಗುವುದಿಲ್ಲ. ನಮ್ಮಲ್ಲಿ ಕಾಗುಣಿತವೂ ಒತ್ತೂ ಸೇರಿದ ಮೇಲೇ ಅದು ಅಕ್ಷರ. ಬಣ್ಣ ತೆಗೆದು ಹಾಕುವ ಆಯ್ಕೆ ಹುಡುಕಿ ಇದನ್ನು ಹೇಗೋ ಸರಿಮಾಡಿಕೊಂಡೆ.

ಸರಿಮಾಡಲಾಗದ ತೊಂದರೆ ಬೇರೆ ಇತ್ತು. ಆ್ಯಪ್ ಎಲ್ಲ ಪದಕ್ಕೂ ಹೆಚ್ಚುಕಡಿಮೆ ಒಂದೇ ಸಮಯ ಕೊಡುತ್ತದೆ. ‘ಆ’ ಎಂಬುದಕ್ಕೂ ಅಷ್ಟೇ, ‘ಹೊರಟುಹೋಗಬೇಕೆಂದುಕೊಂಡಿದ್ದವನನ್ನು’ ಎಂಬುದಕ್ಕೂ ಅಷ್ಟೇ. ಇಂಗ್ಲಿಷಿನವರು ಏಳೆಂಟು ಪದಗಳಲ್ಲಿ ಹರಡಿ ಹೇಳುವುದನ್ನು ನಾವು ಒಂದೇ ಪದಕ್ಕೆ ಕಟ್ಟುತ್ತೇವೆ. ಹಾಗಾಗಿ ನಿಮಿಷಕ್ಕೆ 300 ಪದ ಎಂಬ ಇಂಗ್ಲಿಷ್ ಲೆಕ್ಕವನ್ನು ಕನ್ನಡಕ್ಕೆ ಇಟ್ಟುಕೊಂಡರೆ ಓದು ತಪ್ಪಿಹೋಗುತ್ತದೆ. ಜೊತೆಗೆ ನಮ್ಮ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೌದೋ ಅಲ್ಲವೋ ಗೊತ್ತಾಗುವುದೂ ಅಲ್ಲೇ. ‘ಅಪ್ಪ ಈ ಸಲದ ಜಾತ್ರೆಗಾದರೂ ಊರಿಗೆ ಬಂದೇ ಬರುತ್ತಾರೆಂದು ಅವಳು ನಂಬಿಕೊಂಡು ಕೂತಿರಲಿಲ್ಲ’ ಎಂಬ ವಾಕ್ಯದಲ್ಲಿ ಕೊನೆಯ ಪದದ ಕೊನೆಯ ತುಣುಕು ಕಣ್ಣಿಗೆ ಬೀಳದಿದ್ದರೆ ಆ ಹುಡುಗಿಯ ಮನಸ್ಸೇ ತಲೆಕೆಳಗಾಗುತ್ತದೆ. ಪುಸ್ತಕದಲ್ಲಾದರೆ ಕಣ್ಣು ಥಟ್ಟನೆ ಹಿಂದಕ್ಕೆ ಹೋಗಿ ನೋಡಿಕೊಂಡು ಬರುತ್ತದೆ. ಆ್ಯಪ್‌ನಲ್ಲಿ ಆ ಪದ ಹೋಯಿತು. ನಿಲ್ಲಿಸಿ, ಹಿಂದಿನ ಗುಂಡಿ ಒತ್ತಿ, ವಾಕ್ಯ ಶುರುವಾದದ್ದೆಲ್ಲಿ ಎಂದು ಹುಡುಕುವ ಹೊತ್ತಿಗೆ ಕತೆಯ ಎಳೆ ಕೈತಪ್ಪಿರುತ್ತದೆ.

ಹೀಗೆ ಹಿಂದಕ್ಕೆ ಹೋಗುವುದು ಕೆಟ್ಟ ಅಭ್ಯಾಸ, ಬಿಡಬೇಕು ಎಂದು ವೇಗದ ಓದಿನ ತರಗತಿಗಳು ಹೇಳಿಕೊಡುತ್ತವೆ. ಕಣ್ಣಿನ ಚಲನೆಯನ್ನು ಅಳೆದವರು ಹೇಳುವುದು ಬೇರೆ. ಚೆನ್ನಾಗಿ ಓದಬಲ್ಲವರ ಕಣ್ಣು ಕೂಡ ಹತ್ತು ಸಲ ಮುಂದೆ ಹಾರಿದರೆ ಒಂದು ಸಲವಾದರೂ ಹಿಂದೆ ಹಾರುತ್ತದೆ. 2014ರಲ್ಲಿ ಎಲಿಜಬೆತ್ ಶಾಟರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು: ಓದಿ ಮುಂದೆ ಹೋದ ಪದಗಳನ್ನು ಮರೆಮಾಡಿ, ಹಿಂದೆ ನೋಡಿದರೂ ಏನೂ ಕಾಣದ ಹಾಗೆ ಮಾಡಿದರು. ಓದಿದವರಿಗೆ ಅರ್ಥವಾದದ್ದು ಕಡಿಮೆಯಾಯಿತು. ನನಗೆ ಇದು ಅರ್ಥದ ಪ್ರಶ್ನೆ ಮಾತ್ರವಲ್ಲ. ಒಂದು ಮಾತು ಚೆನ್ನಾಗಿದೆ ಅನ್ನಿಸಿದಾಗ ಅದನ್ನು ಇನ್ನೊಂದು ಸಲ ಓದುವುದೇ ನಾನು ಕಾದಂಬರಿ ಓದುವ ಕಾರಣ. ಅದಕ್ಕೆ ಅವಕಾಶ ಕೊಡದ ಸಾಧನಕ್ಕೆ ಚಂದಾ ಕಟ್ಟುವುದರಲ್ಲಿ ಅರ್ಥವಿಲ್ಲ.

ಆಡಿಯೋ ಬುಕ್ ಇದಕ್ಕಿಂತ ಎಷ್ಟೋ ವಾಸಿ. ಬಸ್ಸಿನಲ್ಲಿ ನಿಂತುಕೊಂಡು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿಕೊಂಡು ಕೇಳಬಹುದು. ಓದುವ ದನಿ ಒಳ್ಳೆಯದಿದ್ದರೆ ಧಾರವಾಡದ ಮಾತು, ಕುಂದಾಪುರದ ಮಾತು ಕಾಗದಕ್ಕಿಂತ ಚೆನ್ನಾಗಿ ಕಿವಿಗೆ ಇಳಿಯುತ್ತವೆ. ನಿಧಾನ ಅನ್ನಿಸುವವರು ಒಂದೂವರೆ ಪಟ್ಟು ವೇಗಕ್ಕೆ ಇಡುತ್ತಾರೆ. ನಾನೂ ಹಾಗೇ ಇಟ್ಟೆ.

ಇಲ್ಲೊಂದು ಲೆಕ್ಕವಿದೆ. ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್ಬಾರ್ಟ್ 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಇಂಗ್ಲಿಷ್ ಓದಿನ ಸರಾಸರಿ ತೆಗೆದರು. ಮನಸ್ಸಿನಲ್ಲೇ ಓದುವಾಗ ಕಾದಂಬರಿ, ಕತೆ ನಿಮಿಷಕ್ಕೆ 260 ಪದ. ಇತರ ಗದ್ಯ 238. ಗಟ್ಟಿಯಾಗಿ ಓದಿದರೆ 183. ಗಟ್ಟಿ ಓದನ್ನು ಒಂದೂವರೆ ಪಟ್ಟು ಮಾಡಿದರೆ 274 ದಾಟುತ್ತದೆ, ಅಂದರೆ ಮೌನವಾಗಿ ಕತೆ ಓದುವ ವೇಗದ ಹತ್ತಿರಕ್ಕೇ ಬಂತು. ಹಾಗಾದರೆ ಒಂದೂವರೆ ಪಟ್ಟಿನಲ್ಲಿ ಕೇಳುವಾಗ ಯಾಕೆ ಕಿರಿಕಿರಿ? ಸರಾಸರಿ ಒಂದೇ ಆದರೂ ಕಣ್ಣು ಒಂದೇ ಸಮನೆ ಓಡುವುದಿಲ್ಲ. ಸಂತೆಯ ವರ್ಣನೆಯಲ್ಲಿ ಓಡುತ್ತದೆ, ಸಾವಿನ ಮನೆಯಲ್ಲಿ ನಿಲ್ಲುತ್ತದೆ, ಪತ್ರವೊಂದು ಬಂದರೆ ಸಹಿಯನ್ನು ಮೊದಲು ನೋಡುತ್ತದೆ. ಆಡಿಯೋ ಸಂತೆಯಲ್ಲೂ ಸಾವಿನಲ್ಲೂ ಒಂದೇ ಓಟದಲ್ಲಿರುತ್ತದೆ. ಓದುವವರು ಭಾವಕ್ಕೆ ತಕ್ಕಂತೆ ಕೊಟ್ಟ ಬಿಡುವನ್ನೂ ವೇಗದ ಗುಂಡಿ ಕತ್ತರಿಸಿಹಾಕುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ಮನೋವಿಜ್ಞಾನಿ ವಿಕ್ಟರ್ ನೆಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಖುಷಿಗಾಗಿ ಓದುವವರ ವೇಗ ಪುಟದಿಂದ ಪುಟಕ್ಕೆ ಬದಲಾಗುತ್ತದೆ, ತುಂಬಾ ಇಷ್ಟವಾದ ಪುಟಗಳನ್ನು ಅವರು ಉಳಿದವಕ್ಕಿಂತ ನಿಧಾನವಾಗಿ ಓದುತ್ತಾರೆ. ನಿಮಿಷಕ್ಕೆ ಎಷ್ಟು ಪದ ಎಂದು ಯಾರಾದರೂ ಕೇಳಿದರೆ ನಾನು ಯಾವ ಪುಟದಲ್ಲಿ ಎಂದು ಕೇಳುತ್ತೇನೆ.

ಕಿವಿಯಿಂದ ಓದುವುದನ್ನು ನಾನು ಪೂರ್ತಿ ಬಿಟ್ಟಿಲ್ಲ. ಗಮಕಕ್ಕೆ ಕಿವಿಯೇ ಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಒಬ್ಬರು ರಾಗವಾಗಿ ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಹೇಳುವಾಗ ಒಂದು ಸಂಜೆಗೆ ಕೆಲವೇ ಪದ್ಯ ಮುಗಿಯುತ್ತವೆ. ಯಾರೂ ಬೇಗ ಮುಗಿಸಿ ಅನ್ನುವುದಿಲ್ಲ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದ ಧ್ವನಿಮುದ್ರಣವನ್ನು ಒಂದೂವರೆ ಪಟ್ಟು ಓಡಿಸಿ ನೋಡಿ, ಮೂರು ನಾಲ್ಕು ಮಾತ್ರೆಯ ಗಣಗಳ ನಡಿಗೆಯೂ ರಾಗವೂ ಕೆಟ್ಟು, ಬರೀ ಸಮಾಚಾರ ಉಳಿಯುತ್ತದೆ.

ಇ-ರೀಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷ್ ಪುಸ್ತಕಕ್ಕೆ ಬಹಳ ಒಳ್ಳೆಯದು, ಕಣ್ಣಿಗೂ ಹಿತ. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನನಗೆ ಸಿಕ್ಕಿದ ಹಳೆಯ ಕನ್ನಡ ಪುಸ್ತಕಗಳೆಲ್ಲ ಸ್ಕ್ಯಾನ್ ಮಾಡಿದ ಪಿಡಿಎಫ್. ಆರಿಂಚಿನ ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕು.

ಈಗ ಕಾಗದ. ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಗೊತ್ತು, ಅದರಲ್ಲಿ ಮನೆ ಎಷ್ಟು, ಜನ ಎಷ್ಟು ಎಂದು. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ. ಒಂದೊಂದರಲ್ಲೂ ಹೆಗ್ಗಡೆಯೋ ಗೌಡರೋ, ಅವರ ಹೆಂಡಿರು ಮಕ್ಕಳು, ಆಳುಗಳು. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಹೋಗುತ್ತಿದ್ದವರು ಸ್ವಲ್ಪ ಹೊತ್ತಿಗೆ ಐತ, ಪೀಂಚಲು ಜೊತೆ ಇರುತ್ತೇವೆ. ಯಾರು ಯಾರಿಗೆ ಏನಾಗಬೇಕು ಎಂಬುದು ಮರೆತರೆ ಹೆಬ್ಬೆರಳನ್ನು ಓದುತ್ತಿದ್ದ ಪುಟದಲ್ಲೇ ಇಟ್ಟು ಹಿಂದಕ್ಕೆ ಹೋಗಬಹುದು. ಆ ಮಾತು ಎಡಪುಟದ ಕೆಳಗಡೆ ಇತ್ತು ಎಂಬ ನೆನಪೇ ದಾರಿ ತೋರಿಸುತ್ತದೆ. ನಾನು ಕೊನೆಯ ಖಾಲಿ ಹಾಳೆಯಲ್ಲಿ ಮನೆವಾರು ಹೆಸರು ಬರೆದಿಟ್ಟುಕೊಂಡೆ, ಪೆನ್ಸಿಲಿನಲ್ಲಿ. ಎರಡನೆಯ ಓದಿಗೆ ಅದರಿಂದ ಆದ ಉಪಕಾರ ದೊಡ್ಡದು: ಮೊದಲ ಸಲ ಹಾದುಹೋಗಿದ್ದ ಆಳುಮಕ್ಕಳ ಮಾತುಗಳ ಮುಂದೆ ಈ ಸಲ ನಿಂತೆ.

ಕಾಗದದ ಕೊರತೆ ಎರಡು. ಮಲಗಿಕೊಂಡು ಹಿಡಿದರೆ ದಪ್ಪ ಪುಸ್ತಕಕ್ಕೆ ಕೈ ಸೋಲುತ್ತದೆ. ಅಂಟು ಹಾಕಿದ ಅಗ್ಗದ ಬೈಂಡಿಂಗ್ ಎರಡನೆಯ ಓದಿಗೇ ಬಿಟ್ಟುಕೊಳ್ಳುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ನಡುವಿನ ಪುಟ ಬಿಡಿಸಿ ದಾರ ಕಾಣುತ್ತದೆಯೇ ನೋಡಿ.

ಆ್ಯಪ್‌ಗೆ ಕಟ್ಟಿದ ಒಂದು ವರ್ಷದ ಚಂದಾದಲ್ಲಿ ಮೂರ್ನಾಲ್ಕು ಒಳ್ಳೆಯ ಕಾದಂಬರಿ ಬರುತ್ತವೆ. ನನ್ನ ಪುಸ್ತಕದ ಖರ್ಚು ತಿಂಗಳಿಗೆ ಒಂದರ ಮೇಲೆ ಹೋಗುವುದಿಲ್ಲ, ನಾನು ಓದುವ ನಿಧಾನಕ್ಕೆ ಅಷ್ಟು ಸಾಕು. ದಿನಾ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವವರು ಆಡಿಯೋ ತೆಗೆದುಕೊಳ್ಳಿ, ಮೂಲ ವೇಗದಲ್ಲೇ ಕೇಳಿ, ಪಾತ್ರಗಳು ಕಡಿಮೆ ಇರುವ ಕತೆ ಆರಿಸಿಕೊಳ್ಳಿ. ಮನೆಯಲ್ಲಿ ಸಂಜೆ ಅರ್ಧ ಗಂಟೆ ಸಿಗುವವರು ಹತ್ತಿರದ ಸಾರ್ವಜನಿಕ ಗ್ರಂಥಾಲಯದಿಂದ ಒಂದು ಕಾದಂಬರಿ ತನ್ನಿ. ಅದನ್ನು ಮತ್ತೆ ಓದಬೇಕು ಅನ್ನಿಸಿದರೆ ಸ್ವಂತ ಪ್ರತಿ ಕೊಳ್ಳಿ. ಪೆನ್ಸಿಲ್ ಹಾಕುವುದು ಆ ಪ್ರತಿಗೆ ಮಾತ್ರ. ಗ್ರಂಥಾಲಯದ ಪುಸ್ತಕಕ್ಕೆ ಬೇಡ.