ಕ್ರಿಸ್ ವಾಟ್ಸ್ ವಿಚಾರಣೆ ಕನ್ನಡದಲ್ಲಿ: ದುಡ್ಡು ಕೊಟ್ಟು ನೋಡಬೇಕಾ?

ಬೇಡ. ಹೆಂಡತಿ ಮಕ್ಕಳನ್ನು ಕೊಂದ ಅಮೆರಿಕದ ಕ್ರಿಸ್ ವಾಟ್ಸ್‌ನನ್ನು ಅಲ್ಲಿನ ಪೊಲೀಸರು ವಿಚಾರಿಸಿದ ಒರಿಜಿನಲ್ ರೆಕಾರ್ಡಿಂಗ್ ಪುಕ್ಕಟೆ ಸಿಗುತ್ತದೆ, ಅದನ್ನೇ ನೋಡಿ. ಯಾಕೆ ಅಂತ ಕೇಳುವವರು ಮುಂದೆ ಓದಿ, ಸ್ವಲ್ಪ ಉದ್ದ ಇದೆ.

ಚಾನೆಲ್ ಹೆಸರು ಬರೆಯುವುದಿಲ್ಲ. ಕನ್ನಡದಲ್ಲಿ ಕ್ರೈಂ ಕಥೆ ಹೇಳುವ ಚಾನೆಲ್‌ಗಳು ಈಗ ಬೇಕಾದಷ್ಟಿವೆ, ಅದರಲ್ಲಿ ಇದೂ ಒಂದು. ತಿಂಗಳಿಗೆ 89 ರೂಪಾಯಿ ಕಟ್ಟಿದರೆ ಮೆಂಬರ್‌ಗಳಿಗೆ ಮಾತ್ರ ಅಂತ ಪೊಲೀಸ್ ವಿಚಾರಣೆಯ ವಿಡಿಯೋಗಳನ್ನು ವಿವರಣೆ ಸಮೇತ ತೋರಿಸುತ್ತಾರೆ. ಕ್ರಿಸ್ ವಾಟ್ಸ್ ಸರಣಿ ಬಂತು ಅಂತ ಕಟ್ಟಿದೆ. ನನಗಿಂತ ಜಾಸ್ತಿ ಆಸೆ ಇದ್ದದ್ದು ಅತ್ತಿಗೆಗೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಬಂದು "ಹಾಕಮ್ಮ ಆ ಕೊಲೆದು" ಅಂತ ಕೂತರೆ ಮುಗಿಯಿತು, ಮನೆಯಲ್ಲಿ ಬೇರೆ ಯಾರಿಗೂ ರಿಮೋಟ್ ಸಿಗಲ್ಲ.

ಕೇಸು ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಕೊಲರಾಡೋ ರಾಜ್ಯದ ಫ್ರೆಡರಿಕ್ ಅನ್ನೋ ಊರು. 2018ರ ಆಗಸ್ಟ್ 13ರಂದು ವಾಟ್ಸ್ ತನ್ನ ಬಸುರಿ ಹೆಂಡತಿಯನ್ನೂ, ನಾಲ್ಕು ಮತ್ತು ಮೂರು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನೂ ಕೊಂದ. ಶವಗಳು ಸಿಕ್ಕಿದ್ದು ಅವನು ಕೆಲಸಕ್ಕಿದ್ದ ಕಚ್ಚಾ ಎಣ್ಣೆ ಕಂಪನಿಯ ಜಾಗದಲ್ಲಿ. ಹೆಂಡತಿ ಮಣ್ಣಿನಡಿ, ಮಕ್ಕಳು ಎಣ್ಣೆ ಟ್ಯಾಂಕುಗಳೊಳಗೆ. ನವೆಂಬರ್ 6ರಂದು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, 19ಕ್ಕೆ ಐದು ಜೀವಾವಧಿ ಶಿಕ್ಷೆ, ಪೆರೋಲ್ ಇಲ್ಲ. ಕೇಸು ಅಲ್ಲಿಗೇ ಮುಗಿದಿದ್ದರಿಂದ ಪ್ರಾಸಿಕ್ಯೂಟರ್ ಕಚೇರಿ ಅದೇ ತಿಂಗಳು ಸುಮಾರು 2,000 ಪುಟದ ದಾಖಲೆಗಳನ್ನು ಸಾರ್ವಜನಿಕರಿಗೆ ಬಿಟ್ಟಿತು. ವಿಡಿಯೋಗಳೂ ಹಾಗೇ ಹೊರಗೆ ಬಂದವು. ನಾವು ಇಲ್ಲಿ ಚಿತ್ರದುರ್ಗದಲ್ಲಿ ಕೂತು ನೋಡುವ ಹಾಗಾಗಿದ್ದು ಅದಕ್ಕೇ.

ಈಗ ಒರಿಜಿನಲ್‌ನಲ್ಲಿ ಏನಿದೆ ನೋಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವ ಭಾಗ ವಿಚಾರಣೆ ಕೊಠಡಿಯದ್ದೇ ಅಲ್ಲ, ಪಕ್ಕದ ಮನೆಯದು. ಹೆಂಡತಿ ಕಾಣ್ತಿಲ್ಲ ಅಂತ ಅವಳ ಗೆಳತಿ ಪೊಲೀಸರನ್ನು ಕರೆಸಿದ್ದಾಳೆ. ಪೊಲೀಸ್ ಅಧಿಕಾರಿಯ ಎದೆ ಮೇಲಿನ ಕ್ಯಾಮೆರಾ (ಬಾಡಿಕ್ಯಾಮ್) ಓಡುತ್ತಿದೆ. ಪಕ್ಕದ ಮನೆಯವನ ಸಿಸಿಟಿವಿಯಲ್ಲಿ ಏನಾದರೂ ಬಿದ್ದಿದೆಯಾ ಅಂತ ಎಲ್ಲರೂ ಅವನ ಹಾಲ್‌ನಲ್ಲಿ ನಿಂತಿದ್ದಾರೆ. ದೊಡ್ಡ ಟಿವಿ ಪರದೆ ಮೇಲೆ ವಾಟ್ಸ್‌ನ ಟ್ರಕ್ಕು ಬೆಳಿಗ್ಗೆ ಐದೂಕಾಲರ ಸುಮಾರಿಗೆ ಗ್ಯಾರೇಜಿನ ಕಡೆಗೆ ರಿವರ್ಸ್ ಬರುವುದು ಕಾಣುತ್ತದೆ. ವಾಟ್ಸ್ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ನಿಂತಿದ್ದಾನೆ, ಯಾರೂ ಕೇಳದೇ ಇದ್ದರೂ ಸಾಮಾನು ತುಂಬಿಕೊಳ್ಳೋಕೆ ಬಂದಿದ್ದೆ ಅಂತ ಶುರು ಮಾಡುತ್ತಾನೆ, ಮಾತು ನಿಲ್ಲಿಸುವುದೇ ಇಲ್ಲ. ಅವನು ಆಚೆ ಹೋದ ತಕ್ಷಣ ಆ ಪಕ್ಕದ ಮನೆಯವನು ಅಧಿಕಾರಿಗೆ ಹೇಳುತ್ತಾನೆ, ಇವನು ಸರಿ ಇಲ್ಲ, ಯಾವತ್ತೂ ಇಷ್ಟು ಮಾತಾಡುವವನೇ ಅಲ್ಲ, ಗಾಡಿಗೆ ಗ್ಯಾರೇಜಿನಿಂದ ಸಾಮಾನು ತುಂಬಿದ್ದನ್ನು ನಾನು ಕಂಡೇ ಇಲ್ಲ ಅಂತ. ಅವನಿಗೆ ಬಾಡಿ ಲ್ಯಾಂಗ್ವೇಜ್ ಕೋರ್ಸ್ ಯಾರೂ ಮಾಡಿಸಿರಲಿಲ್ಲ. ಅಕ್ಕಪಕ್ಕದವರ ರೂಢಿ ಗೊತ್ತಿತ್ತು, ಅಷ್ಟೇ.

ನಾನು ದುಡ್ಡು ಕೊಟ್ಟ ವಿಡಿಯೋದಲ್ಲಿ ಈ ಭಾಗ ಒಂದು ನಿಮಿಷವೂ ಇಲ್ಲ! ಅದರ ಬದಲು ವಾಟ್ಸ್ ಮುಖಕ್ಕೆ ಕೆಂಪು ಬಾಣದ ಗುರುತು, ಹಿಂದೆ ಢಂಢಂ ಅಂತ ಮ್ಯೂಸಿಕ್, "ನೋಡಿ ನೋಡಿ, ತುಟಿ ಒತ್ತಿದ, ಇದೇ ಸುಳ್ಳಿನ ಲಕ್ಷಣ" ಅಂತ ಕಿರುಚಾಟ. ಗಂಡಸು ತುಟಿ ಒತ್ತಿದರೆಲ್ಲ ಕೊಲೆಗಾರ ಅಂದರೆ ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಬಂದ ದಿನ ಯಾರೂ ಉಳಿಯಲ್ಲ.

ಆಗಸ್ಟ್ 15ರ ಕೊಠಡಿಗೆ ಬರೋಣ. ಅವತ್ತು ವಾಟ್ಸ್ ತಾನಾಗಿಯೇ ಒಪ್ಪಿ ಸುಳ್ಳುಪತ್ತೆ ಪರೀಕ್ಷೆಗೆ ಬಂದಿದ್ದ. ಪರೀಕ್ಷೆ ಮಾಡುವವರು ಕೊಲರಾಡೋ ತನಿಖಾ ದಳದ ಟ್ಯಾಮಿ ಲೀ. ಆಕೆಯ ಕೆಲಸ ನೋಡೋಕೇ ಒರಿಜಿನಲ್ ಬೇಕು. ದನಿ ಏರಿಸುವುದಿಲ್ಲ, ಟೇಬಲ್ ಕುಟ್ಟುವುದಿಲ್ಲ. ಪರೀಕ್ಷೆಗೆ ಮುಂಚೆ ಎಷ್ಟೋ ಹೊತ್ತು ಸುಮ್ನೆ ಮಾತು. ಆಮೇಲೆ ನೀನು ಪಾಸಾಗಿಲ್ಲ ಅಂತ ಮೆತ್ತಗೆ ಹೇಳಿ ಕಾಯುತ್ತಾರೆ. ಆ ಕಾಯುವುದು ಇದೆಯಲ್ಲ, ಅದೇ ವಿಚಾರಣೆ. ಕನ್ನಡದ ವಿಡಿಯೋದಲ್ಲಿ ಮೌನ ಇರುವ ಕಡೆಯೆಲ್ಲ ಕತ್ತರಿ ಹಾಕಿದ್ದಾರೆ, ಬೋರ್ ಆಗುತ್ತೆ ಅಂತ ಇರಬೇಕು.

ಅದಕ್ಕಿಂತ ದೊಡ್ಡ ತಪ್ಪು ಒಂದಿದೆ. ಕೊನೆಗೆ ವಾಟ್ಸ್ ಅಪ್ಪನ ಜೊತೆ ಮಾತಾಡಬೇಕು ಅನ್ನುತ್ತಾನೆ, ಅಪ್ಪ ಒಳಗೆ ಬರುತ್ತಾರೆ, ಹೆಂಡತಿಯನ್ನು ಕೊಂದೆ ಅಂತ ಅವರಿಗೆ ಹೇಳುತ್ತಾನೆ. ಚಾನೆಲ್‌ನವರು ಇಲ್ಲಿಗೆ ನಗಾರಿ ಬಾರಿಸಿ ವಿಡಿಯೋ ಮುಗಿಸಿದ್ದಾರೆ. ಕಮೆಂಟಿನಲ್ಲಿ ಚಪ್ಪಾಳೆಯೋ ಚಪ್ಪಾಳೆ, "ಹೆಂಗೆ ಸತ್ಯ ಕಕ್ಕಿಸಿದ್ರು ನೋಡಿ" ಅಂತ. ಯಾವ ಸತ್ಯ? ಅವನು ಅಲ್ಲಿ ಹೇಳಿದ್ದು, ಮಕ್ಕಳನ್ನು ಹೆಂಡತಿಯೇ ಕತ್ತು ಹಿಸುಕಿದಳು, ಅದನ್ನು ನೋಡಿ ಕೋಪದಲ್ಲಿ ನಾನು ಅವಳನ್ನು ಕೊಂದೆ ಅಂತ. ಅದು ಹಸಿ ಸುಳ್ಳು. ಅದೂ ಅಲ್ಲದೆ, ಹೆಂಡತಿಯೇ ಮಕ್ಕಳಿಗೆ ಏನಾದರೂ ಮಾಡಿದಳಾ ಅನ್ನೋ ಎಳೆಯನ್ನು ಮೊದಲು ಅವನ ಮುಂದೆ ಇಟ್ಟಿದ್ದು ವಿಚಾರಣೆ ಮಾಡುವವರೇ, ಅವನು ಅದನ್ನು ಹಿಡಿದುಕೊಂಡ. ಮೂವರನ್ನೂ ತಾನೇ ಕೊಂದ ಬಗೆಯನ್ನು ಅವನು ಬಿಡಿಸಿ ಹೇಳಿದ್ದು 2019ರ ಫೆಬ್ರವರಿಯಲ್ಲಿ, ವಿಸ್ಕಾನ್ಸಿನ್ ಜೈಲಿನಲ್ಲಿ, ಶಿಕ್ಷೆ ಆದ ಮೇಲೆ. ಸರಣಿಯಲ್ಲಿ ಇದರ ಸುದ್ದಿಯೇ ಇಲ್ಲ. ಅಂದರೆ ಬರೀ ಈ ವಿಡಿಯೋ ನೋಡಿದವರು ಸತ್ತ ಹೆಂಗಸಿನ ಮೇಲೆ ಅನುಮಾನ ಇಟ್ಟುಕೊಂಡೇ ಎದ್ದು ಹೋಗುತ್ತಾರೆ. ನಾನು ಬಿಟ್ಟಿಲ್ಲ, ಈ ವಿಷಯ ಸೇರಿಸಿ ಅಂತ ಬರೆದೆ, ಒಂದು ಹಾರ್ಟ್ ಒತ್ತಿ ಸುಮ್ಮನಾದರು.

ನಮ್ಮ ಪಕ್ಕದ ಮನೆ ಮಾಮ ಎಎಸ್‌ಐ ಆಗಿ ರಿಟೈರ್ ಆದವರು. ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಮ್ಮ ಜೊತೆ ಇದನ್ನು ನೋಡಿದರು. ಅತ್ತಿಗೆ "ನಮ್ಮವರೂ ಹಿಂಗೆ ಒಪ್ಪಿಸಿ ವಿಡಿಯೋ ಮಾಡಿದ್ರೆ ಎಲ್ಲಾ ಕೇಸಲ್ಲೂ ಶಿಕ್ಷೆ ಆಗುತ್ತೆ ಅಲ್ವಾ ಮಾಮ" ಅಂದರು. ಮಾಮ ನಕ್ಕರು. "ನಮ್ಮ ಮುಂದೆ ಒಪ್ಕೊಂಡಿದ್ದಕ್ಕೆ ಕೋರ್ಟಲ್ಲಿ ಬೆಲೆ ಇಲ್ಲ ಕಣಮ್ಮ. ಸ್ವ-ಇಚ್ಛಾ ಹೇಳಿಕೆ ಅಂತ ಪುಟಗಟ್ಟಲೆ ಬರೆಸ್ತೀವಿ, ಜಡ್ಜ್ ಕೇಳೋದು ಮಾಲು ಎಲ್ಲಿ ಸಿಕ್ತು, ಮಹಜರಿಗೆ ಪಂಚರು ಯಾರು ಅಂತ. ಪಂಚರು ಉಲ್ಟಾ ಹೊಡೆದರೆ ಅದೂ ಹೋಯ್ತು."

(ಪಂಚರು ಅಂದರೆ ವಸ್ತು ಸಿಕ್ಕಾಗ ಪೊಲೀಸರು ಬರೆಯುವ ಮಹಜರಿಗೆ ಸಾಕ್ಷಿ ನಿಲ್ಲುವವರು.) ಮಾಮ ಹೇಳಿದ್ದು ಸರಿ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿ ವಿರುದ್ಧ ಸಾಬೀತು ಮಾಡುವ ಹಾಗಿಲ್ಲ. ಕಸ್ಟಡಿಯಲ್ಲಿ ಅವನು ಹೇಳಿದ್ದರಿಂದ ಒಂದು ವಸ್ತುವೋ ಶವವೋ ಸಿಕ್ಕರೆ ಅದಕ್ಕೆ ಸಂಬಂಧಪಟ್ಟಷ್ಟು ಮಾತು ಮಾತ್ರ ನಿಲ್ಲುತ್ತದೆ. ವಾಟ್ಸ್ ಕೇಸಿನಲ್ಲೂ ಕೊನೆಗೆ ನಿಂತಿದ್ದು ಅಂಥದ್ದೇ ಮಾತು ನೋಡಿ. ಎಣ್ಣೆ ಬಾವಿಯ ಜಾಗದ ಮೇಲಿನಿಂದ ತೆಗೆದ ಫೋಟೋ ಮುಂದಿಟ್ಟಾಗ ಯಾರ ಶವ ಎಲ್ಲಿದೆ ಅಂತ ಅವನು ತೋರಿಸಿದ. ಶವಗಳು ಅಲ್ಲೇ ಸಿಕ್ಕವು. ಅವನ ಕಥೆ ಸುಳ್ಳಾದರೂ ಆ ಬೆರಳು ತೋರಿಸಿದ್ದು ಸುಳ್ಳಾಗಲಿಲ್ಲ.

ಸುಳ್ಳುಪತ್ತೆ ಯಂತ್ರದ ಬಗ್ಗೆ ಕೂಡ "ನಮ್ಮಲ್ಲೂ ಎಲ್ಲರನ್ನೂ ಕೂರಿಸಿ" ಅನ್ನೋ ಕಮೆಂಟ್ ರಾಶಿ ಇವೆ. ಹಾಗೆ ಬಲವಂತವಾಗಿ ಕೂರಿಸುವುದು ಬೇಡ ಅಂದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನಮ್ಮ ರಾಜ್ಯದ ಹೆಸರೇ ಇದೆ, ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ, 2010. ಆರೋಪಿ ಒಪ್ಪದೆ ನಾರ್ಕೋ (ಮದ್ದು ಕೊಟ್ಟು ಮಾತಾಡಿಸುವುದು), ಪಾಲಿಗ್ರಾಫ್ (ಇದೇ ಸುಳ್ಳುಪತ್ತೆ), ಬ್ರೈನ್ ಮ್ಯಾಪಿಂಗ್ (ಮೆದುಳಿನ ಅಲೆ ಅಳೆಯುವುದು) ಮಾಡುವ ಹಾಗಿಲ್ಲ. ಕನ್ನಡದಲ್ಲಿ ಕನ್ನಡದವರಿಗೆ ಅಂತ ವಿಡಿಯೋ ಮಾಡುವವರು ಇದಕ್ಕೆ ಎರಡು ವಾಕ್ಯ ಖರ್ಚು ಮಾಡಬಹುದಿತ್ತು. 89 ರೂಪಾಯಿಗೆ ನಾನು ಬಯಸಿದ್ದು ಅಷ್ಟೇ.

ಕಮೆಂಟ್‌ಗಳ ಬಗ್ಗೆ ಇನ್ನೊಂದು ಮಾತು. ಅರ್ಧ ಜನ ವಾಟ್ಸ್‌ನನ್ನು ಬೈತಾರೆ, ಸರಿ. ಇನ್ನು ಕೆಲವರು ಸತ್ತ ಹೆಂಡತಿಯನ್ನು ಬೈತಾರೆ! ಫೇಸ್‌ಬುಕ್‌ನಲ್ಲಿ ಅಷ್ಟೊಂದು ವಿಡಿಯೋ ಯಾಕೆ ಹಾಕಬೇಕಿತ್ತು, ಗಂಡನನ್ನು ಮಾತಲ್ಲೇ ಕುಗ್ಗಿಸುತ್ತಿದ್ದಳು, ಹೀಗೆ. ಅಮೆರಿಕದಲ್ಲೂ ಇದೇ ಕಥೆ. ಅವಳ ಅಪ್ಪ ಅಮ್ಮ 2019ರಲ್ಲಿ ಪತ್ರಕರ್ತರ ಮುಂದೆ ಕೂತು ನಮ್ಮ ಮೇಲಿನ ಆನ್‌ಲೈನ್ ಕಿರುಕುಳ ನಿಲ್ಲಿಸಿ ಅಂತ ಕೇಳಿಕೊಳ್ಳಬೇಕಾಯಿತು. ಮಗಳು, ಮೊಮ್ಮಕ್ಕಳು ಎಲ್ಲ ಹೋದ ಮನೆಯವರು.

ನಮಗೆ ದುರ್ಗದವರಿಗೆ ಇದು ದೂರದ ಮಾತಲ್ಲ. 2024ರ ಜೂನ್‌ನಲ್ಲಿ ಈ ಊರಿನವನೊಬ್ಬ ಬೆಂಗಳೂರಿನಲ್ಲಿ ಕೊಲೆಯಾದಾಗ ಏನಾಯಿತು ಅಂತ ಎಲ್ಲರಿಗೂ ನೆನಪಿದೆ, ಹೆಸರು ಬೇಡ. ಚಾರ್ಜ್‌ಶೀಟ್ ಬರುವ ಎಷ್ಟೋ ಮೊದಲೇ ಫೋನಿನಲ್ಲಿ ತೀರ್ಪು ಬಂದಾಗಿತ್ತು. ಒಂದು ಕಡೆಯವರು ಆರೋಪಿಗೆ ಗಲ್ಲು ಬರೆದರು, ಇನ್ನೊಂದು ಕಡೆಯವರು ಸತ್ತವನದ್ದೇ ತಪ್ಪು ಅಂತ ಬರೆದರು, ಅವನ ಮನೆಯವರು ಇದೇ ಊರಲ್ಲಿ ಇದನ್ನೆಲ್ಲ ಓದುತ್ತಾರೆ ಅನ್ನೋ ಅಳುಕೂ ಇಲ್ಲದೆ. ಆ ಕೇಸಿನಲ್ಲಿ ಏನು ಸಾಬೀತಾಗುತ್ತೆ ಅನ್ನೋದು ಕೋರ್ಟಿಗೆ ಬಿಟ್ಟಿದ್ದು. ಆದರೆ ಆವಾಗಿನ ಕಮೆಂಟ್‌ಗಳನ್ನೂ ಈ ಚಾನೆಲ್ ಕೆಳಗಿನ ಕಮೆಂಟ್‌ಗಳನ್ನೂ ಪಕ್ಕಪಕ್ಕ ಇಟ್ಟರೆ ಹೆಸರು ಬಿಟ್ಟು ಬೇರೆ ವ್ಯತ್ಯಾಸ ನನಗೆ ಕಾಣಲಿಲ್ಲ.

ಚಾನೆಲ್ ಬಗ್ಗೆ ಒಳ್ಳೆಯದೂ ಹೇಳಬೇಕು. ನಿರೂಪಕರ ಕನ್ನಡ ಸ್ಪಷ್ಟವಾಗಿದೆ, ಆಡಿಯೋ ಚೆನ್ನಾಗಿದೆ, ಇಂಗ್ಲಿಷ್ ಬಾರದ ಅತ್ತಿಗೆಗೆ ಕಥೆ ಅರ್ಥ ಆಗಿದ್ದು ಅವರಿಂದಲೇ. ಒರಿಜಿನಲ್‌ನಲ್ಲಿ ವಾಟ್ಸ್ ಗೊಣಗುವುದು ಹೆಡ್‌ಫೋನ್ ಹಾಕಿದರೂ ಸರಿಯಾಗಿ ಕೇಳಲ್ಲ, ಆಟೋ ಸಬ್‌ಟೈಟಲ್‌ನ ಕನ್ನಡ ಅನುವಾದವಂತೂ ದೇವರಿಗೇ ಪ್ರೀತಿ. ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಅಲ್ಲಲ್ಲಿ ನಿಲ್ಲಿಸಿ ನಾನೇ ಹೇಳುತ್ತಾ ಹೋದೆ.

ಐದಕ್ಕೆ ಎರಡು ಕೊಡುತ್ತೇನೆ, ಆ ಎರಡೂ ನಿರೂಪಕರ ದನಿಗೆ. ಮೆಂಬರ್‌ಶಿಪ್ ನಿಲ್ಲಿಸಿದ್ದೇನೆ. ನೋಡುವವರು ಮೊದಲು ಪಕ್ಕದ ಮನೆಯ ಬಾಡಿಕ್ಯಾಮ್ ನೋಡಿ, ಆಮೇಲೆ ಆಗಸ್ಟ್ 15ರ ಕೊಠಡಿ, ಕೊನೆಗೆ 2019ರ ಜೈಲಿನ ಆಡಿಯೋ. ಆಡಿಯೋ ಮಾತ್ರ ಬಹಳ ಕಷ್ಟ. ಮನೆಯಲ್ಲಿ ಸಣ್ಣ ಮಕ್ಕಳಿರುವವರು ಅದನ್ನು ಬಿಟ್ಟುಬಿಡಿ, ಅದರ ವರದಿ ಬರಹದಲ್ಲೂ ಸಿಗುತ್ತದೆ.