‘ಅಲಾದೀನ್’ ಬ್ಲೂ-ರೇ: ಜೀನಿಯ ದನಿ ಒಬ್ಬರದು, ಮೈ ಇನ್ನೊಬ್ಬರದು

1992ರ ‘ಅಲಾದೀನ್’ ಕಾರ್ಟೂನ್ ಸಿನಿಮಾ ಫೋನಿನಲ್ಲೇ ನೋಡಬಹುದು, ದುಡ್ಡು ಕೊಟ್ಟು ಡಿಸ್ಕ್ ಯಾಕೆ ತಗೋಬೇಕು ಅಂತ ಸ್ನೇಹಿತರು ಕೇಳುತ್ತಾರೆ. 2015ರಲ್ಲಿ ಬಂದ ಡೈಮಂಡ್ ಎಡಿಷನ್ ಬ್ಲೂ-ರೇ ನನ್ನ ಹತ್ತಿರ ಇದೆ. ನನ್ನ ಉತ್ತರ ಒಂದೇ: ದೀಪದಿಂದ ಹೊರಬರುವ ಭೂತ ಜೀನಿಗೋಸ್ಕರ. ಅವನು ಹೇಗೆ ಹುಟ್ಟಿದ ಅನ್ನೋದು ಸಿನಿಮಾ ಜೊತೆ ಈ ಡಿಸ್ಕಿನಲ್ಲಿ ಕೊಟ್ಟಿರುವ ಹೆಚ್ಚುವರಿ ವಿಡಿಯೋಗಳಲ್ಲಿ, ಅಂದ್ರೆ ಎಕ್ಸ್‌ಟ್ರಾಗಳಲ್ಲಿದೆ.

ನಾನು ಬೆಂಗಳೂರಿನಲ್ಲಿ ಅನಿಮೇಟರ್. ಯಾರೋ ಆಡಿದ ಮಾತಿಗೆ ಪಾತ್ರದ ತುಟಿ, ಕಣ್ಣು, ಹುಬ್ಬು ಆಡಿಸೋದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ‘ಜೀನಿ ಅಂದ್ರೆ ರಾಬಿನ್ ವಿಲಿಯಮ್ಸ್’ ಅಂತ ಜನ ಅಲ್ಲಿಗೇ ಮಾತು ಮುಗಿಸಿದರೆ ನನಗೆ ಸಮಾಧಾನ ಆಗುವುದಿಲ್ಲ. ಜೀನಿಗೆ ದನಿ ಕೊಟ್ಟ ವಿಲಿಯಮ್ಸ್ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀನಿಯಲ್ಲಿ ಅರ್ಧ ಪಾಲು ಅವನನ್ನು ಅನಿಮೇಟ್ ಮಾಡಿದ ಎರಿಕ್ ಗೋಲ್ಡ್‌ಬರ್ಗ್ ಅವರ ಪೆನ್ಸಿಲಿನದು.

ನಿರ್ದೇಶಕರಾದ ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್ ಈ ಪಾತ್ರ ಬರೆದಿದ್ದೇ ವಿಲಿಯಮ್ಸ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು. ಅವರನ್ನು ಒಪ್ಪಿಸಬೇಕಲ್ಲ? ಗೋಲ್ಡ್‌ಬರ್ಗ್ ವಿಲಿಯಮ್ಸ್ ಅವರದೇ ಒಂದು ಹಳೇ ಸ್ಟ್ಯಾಂಡ್-ಅಪ್ ರೆಕಾರ್ಡಿಂಗ್ ತೆಗೆದುಕೊಂಡರು. ಅದರಲ್ಲಿ ವಿಲಿಯಮ್ಸ್ ಎರಡು ದನಿಯಲ್ಲಿ ತಮ್ಮ ಜೊತೆಗೇ ತಾವು ವಾದ ಮಾಡುತ್ತಾರೆ. ಆ ಮಾತಿಗೆ ಸರಿಯಾಗಿ ಗೋಲ್ಡ್‌ಬರ್ಗ್ ಜೀನಿಗೆ ಇನ್ನೊಂದು ತಲೆ ಮೂಡಿಸಿ, ಎರಡೂ ತಲೆ ಜಗಳ ಆಡುವ ಹಾಗೆ ಬರೆದು ತೋರಿಸಿದರು. ವಿಲಿಯಮ್ಸ್ ನಕ್ಕರು, ಒಪ್ಪಿದರು. ಅಂದರೆ ಆ ದನಿಯನ್ನು ಸಿನಿಮಾಗೆ ಕರೆತಂದಿದ್ದೇ ಒಂದು ಚಿತ್ರ.

ಆಮೇಲಿನ ಕೆಲಸ ನೋಡಿ. ದನಿ ಮೊದಲು, ಚಿತ್ರ ಆಮೇಲೆ. ವಿಲಿಯಮ್ಸ್ ಸ್ಕ್ರಿಪ್ಟಿನಲ್ಲಿದ್ದ ಮಾತು ಹೇಳಿ, ಮತ್ತೆ ಅದನ್ನೇ ಬೇರೆ ಬೇರೆಯವರ ದನಿಯಲ್ಲಿ ಗಂಟೆಗಟ್ಟಲೆ ಹೇಳುತ್ತಿದ್ದರು. ಆ ರಾಶಿಯಿಂದ ಆರಿಸಿದ್ದಕ್ಕೆ ಚಿತ್ರ ಬರೆಯಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಎರಡು ಫ್ರೇಮಿಗೆ ಒಂದರಂತೆ ಬರೆದರೂ 12 ಚಿತ್ರ. ದನಿ ಅರ್ಧ ಸೆಕೆಂಡಿನಲ್ಲಿ ಬೇರೆ ಮನುಷ್ಯನದಾದರೆ, ಆರು ಚಿತ್ರಗಳಲ್ಲಿ ಇಡೀ ಮೈ ಬದಲಾಗಬೇಕು! ಗುಹೆಯಲ್ಲಿ ಜೀನಿ ಮೊದಲ ಸಲ ಹೊರಗೆ ಬರುವ ದೃಶ್ಯವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿ. ಎಲ್ಲೂ ಗೆರೆ ತುಂಡಾಗುವುದಿಲ್ಲ. ಅಮೆರಿಕದ ಚಿತ್ರಕಾರ ಆಲ್ ಹಿರ್ಶ್‌ಫೆಲ್ಡ್ ಒಂದೇ ಬಳುಕುವ ಗೆರೆಯಲ್ಲಿ ಮುಖ ಬರೆಯುತ್ತಿದ್ದರು. ಗೋಲ್ಡ್‌ಬರ್ಗ್ ಹಿಡಿದಿದ್ದು ಆ ದಾರಿ. ಜೀನಿ ಅನುಕರಿಸುವ ವಿಲಿಯಂ ಎಫ್. ಬಕ್ಲಿ, ಎಡ್ ಸಲ್ಲಿವನ್ ಯಾರು ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೂ ನಗು ಬರುತ್ತದೆ. ಎಂಥ ಮನುಷ್ಯ ಅನ್ನೋದನ್ನು ಹುಬ್ಬು, ಗಲ್ಲ, ಕುತ್ತಿಗೆಯೇ ಹೇಳಿಬಿಡುತ್ತವೆ. ಹೆಸರು ತಿಳಿಯಬೇಕು ಅಂದ್ರೆ ‘ಜೀನಿ 101’ ಅನ್ನುವ ಪುಟ್ಟ ಎಕ್ಸ್‌ಟ್ರಾ ಇದೆ. ಅಲಾದೀನ್‌ಗೆ ದನಿ ಕೊಟ್ಟ ಸ್ಕಾಟ್ ವೈಂಗರ್ ಅದನ್ನು ನಡೆಸಿಕೊಡುತ್ತಾರೆ.

ಇನ್ನೊಂದು, ಸಿನಿಮಾದಲ್ಲಿ ಸೇರದೆ ಉಳಿದ ವಿಲಿಯಮ್ಸ್ ರೆಕಾರ್ಡಿಂಗ್‌ಗಳ ಭಾಗ. ಸುಮಾರು ಹತ್ತು ನಿಮಿಷ. ಅವರು 2014ರಲ್ಲಿ ತೀರಿಕೊಂಡರು, ಡಿಸ್ಕ್ ಬಂದಿದ್ದು ಮರುವರ್ಷ. ಕೇಳುವಾಗ ನನಗೆ ಗಂಟಲು ಕಟ್ಟಿತು. ದನಿ ಓಡುತ್ತಾ ಇರುತ್ತದೆ, ಅದರ ಜೊತೆ ಓಡುವ ಮೈ ಮಾತ್ರ ಪೂರ್ತಿ ತಯಾರಾಗಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೇ ಸಿನಿಮಾದಲ್ಲಿದೆ: ಹಾರುವ ಕಂಬಳಿ. ಅದಕ್ಕೆ ಮುಖ ಇಲ್ಲ, ಮಾತಿಲ್ಲ. ನಾಲ್ಕು ಮೂಲೆಯ ಕುಚ್ಚುಗಳಷ್ಟೇ. ರ‍್ಯಾಂಡಿ ಕಾರ್ಟ್‌ರೈಟ್ ಅನ್ನುವ ಅನಿಮೇಟರ್ ಬಟ್ಟೆ ಮಡಚಿ ಮಡಚಿ ನೋಡುತ್ತಾ ಅದನ್ನು ಬರೆದರಂತೆ. ಮೇಲಿನ ಕಸೂತಿಯನ್ನು ಮಾತ್ರ ಕಂಪ್ಯೂಟರಿನಲ್ಲಿ ಕೂರಿಸಿದ್ದಾರೆ. ಅದು ಬೇಜಾರಾಗಿ ತಲೆ ತಗ್ಗಿಸಿ ಹೋಗುವಾಗ ನಮಗೆ ಅಯ್ಯೋ ಅನಿಸುತ್ತದೆ. ಇಲ್ಲದ ತಲೆ!

ಅಲಾದೀನ್ ಮಾತಾಡೋದು ವೈಂಗರ್, ಹಾಡೋದು ಬ್ರಾಡ್ ಕೇನ್, ಚಿತ್ರ ಬರೆದ ತಂಡದ ಮುಖ್ಯಸ್ಥ ಗ್ಲೆನ್ ಕೀನ್. ಜಾಸ್ಮಿನ್‌ಗೂ ಮಾತು ಲಿಂಡಾ ಲಾರ್ಕಿನ್, ಹಾಡು ಲಿಯಾ ಸಲೊಂಗಾ. ಪಿ.ಬಿ. ಶ್ರೀನಿವಾಸ್ ದನಿಯನ್ನು ರಾಜ್‌ಕುಮಾರ್ ದನಿ ಅಂತಲೇ ಕೇಳಿದ ನಮಗೆ ಇದು ಹೊಸದಲ್ಲ, ಅಲ್ವಾ? ಖಳನಾಯಕ ಜಾಫರ್ ಮಾತ್ರ ಬೇರೆ ಥರ. ಎಲ್ಲರೂ ಕುಣಿಯುವಾಗ ಅನಿಮೇಟರ್ ಆಂಡ್ರಿಯಾಸ್ ಡೇಜಾ ಅವನನ್ನು ಸುಮ್ನೆ ನಿಲ್ಲಿಸಿದ್ದಾರೆ. ಜೊನಾಥನ್ ಫ್ರೀಮನ್ ಅವರ ನಿಧಾನದ ದನಿಗೆ ಅಷ್ಟು ಸಾಕು. ಅದೇ ಫ್ರೀಮನ್ 2014ರಿಂದ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ಜಾಫರ್ ಆಗಿ ನಿಂತರು.

ಬೇಸರ ಇಲ್ಲ ಅಂತಲ್ಲ. ಹೊಸ ಎಕ್ಸ್‌ಟ್ರಾಗಳಲ್ಲಿ ಬ್ರಾಡ್‌ವೇ ನಾಟಕಕ್ಕೆ ಒಂದು ಭಾಗ ಇದೆ, ಅನಿಮೇಟರ್‌ಗಳಿಗೆ ಸಿಕ್ಕ ಜಾಗ ಕಡಿಮೆ. ನನಗೆ ಬೇಕಾಗಿದ್ದು ಗೋಲ್ಡ್‌ಬರ್ಗ್ ಮೇಜಿನ ಮುಂದೆ ಕೂತು ಒಂದು ಗಂಟೆ ಬರೆಯುವುದನ್ನು ನೋಡೋದು. ಪುಣ್ಯಕ್ಕೆ ಹಳೇ ಡಿವಿಡಿಯ ಕಾಮೆಂಟರಿ, ಅಂದ್ರೆ ಸಿನಿಮಾ ಓಡುತ್ತಿರುವಾಗ ಅದನ್ನು ಮಾಡಿದವರು ಆಡುವ ಮಾತು, ಉಳಿಸಿದ್ದಾರೆ. ಅದರಲ್ಲಿ ಡೇಜಾ, ಕೀನ್, ಗೋಲ್ಡ್‌ಬರ್ಗ್ ಮಾತಾಡುತ್ತಾರೆ. ಅನಿಮೇಷನ್ ಕಲಿಯುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹಾಕಿ ತೋರಿಸುವುದು ಅದನ್ನೇ. ಕನ್ನಡ ಆಡಿಯೋ ಇಲ್ಲ. ಮಾತು ಅಷ್ಟು ವೇಗ ಇರುವಾಗ ಮನೆಯ ಚಿಕ್ಕ ಮಕ್ಕಳಿಗೆ ಇದು ದೊಡ್ಡ ಕೊರತೆಯೇ.

ಚಿತ್ರದ ಗುಣಮಟ್ಟ ಚೆನ್ನಾಗಿದೆ, ಬಣ್ಣ ಎದ್ದು ಕಾಣುತ್ತದೆ. ಕೊಳ್ಳುವ ಮುಂಚೆ ಡಬ್ಬಿಯ ಹಿಂದಿನ ಎಕ್ಸ್‌ಟ್ರಾ ಪಟ್ಟಿ ಓದಿ. ಈ ಸಿನಿಮಾ ಬೇರೆ ಬೇರೆ ಎಡಿಷನ್‌ಗಳಲ್ಲಿ ಬಂದಿದೆ, ಜೀನಿಯ ಉಳಿದ ರೆಕಾರ್ಡಿಂಗ್ ಮತ್ತು ಅನಿಮೇಟರ್‌ಗಳ ಕಾಮೆಂಟರಿ ಎರಡೂ ಇವೆಯೇ ಅಂತ ಖಚಿತ ಮಾಡಿಕೊಂಡೇ ದುಡ್ಡು ಕೊಡಿ.